ಮದುವೆಯ ಹೂವಿನ ಲೆಕ್ಕ

ಮದುವೆಯ ಖರ್ಚಿನ ಪಟ್ಟಿಯಲ್ಲಿ ಅಕ್ಕಿ, ಬೇಳೆ, ಜವಳಿಗಳಿಗೆ ಅಂಕೆಯುಂಟು; ಹೂವಿನೆದುರು ಮಾತ್ರ ನಮ್ಮವರು ‘ಆಮೇಲೆ ನೋಡೋಣ’ ಎಂದು ಬರೆಯುತ್ತಾರೆ. ಆ ‘ಆಮೇಲೆ’ಯೇ ಎಷ್ಟೋ ಮನೆಗಳಲ್ಲಿ ಸಾಲಪತ್ರದ ಮೊದಲ ಸಾಲಾಗಿದೆ.

ಕಾಸರಗೋಡಿನ ನಮಗೆ ಮದುವೆಯ ಹೂವೆಂದರೆ ಶಂಕರಪುರದ ಮಲ್ಲಿಗೆ. ಅದರ ಅಳತೆ ಸ್ಪಷ್ಟವಾದುದು: ಸುಮಾರು 800 ಮೊಗ್ಗು ಸೇರಿದರೆ ಒಂದು ಚೆಂಡು; 4 ಚೆಂಡಿಗೆ ಒಂದು ಅಟ್ಟೆ. ಆದರೆ ದರವು ದಿನದಿನಕ್ಕೆ ಬೇರೆ. ಚಳಿಗಾಲದಲ್ಲಿ ಮೊಗ್ಗು ವಿರಳ. ಮುಹೂರ್ತಗಳು ಒತ್ತಾಗಿ ಬಂದಾಗ ಬೇಡಿಕೆ ವಿಪರೀತ. ಇಂದಿನ ದರವನ್ನು ನಂಬಿ ಲಗ್ನದಿನದ ಲೆಕ್ಕ ಹಾಕುವವನು ಮೋಸಹೋಗುವನು. ಮೊದಲು ನಿಶ್ಚಯಿಸಬೇಕಾದುದು ದರವನ್ನಲ್ಲ, ಅಟ್ಟೆಯನ್ನು: ಯಾರ ಮುಡಿಗೆ, ಯಾವ ಪೂಜೆಗೆ, ಎಷ್ಟು?

ಇದು ಜಿಪುಣತನವಲ್ಲವೇ ಎಂಬ ಆಕ್ಷೇಪ ಬರಬಹುದು. ಮುಂಜಾನೆ ಮೊಗ್ಗು ಕೊಯ್ದು ಬಾಳೆನಾರಿನಲ್ಲಿ ಕಟ್ಟುವ ಹೆಂಗಸಿನ ಗಂಜಿಯೂ ಈ ಹೂವಿನಲ್ಲಿಯೇ ಇದೆಯಷ್ಟೆ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಆಕೆಯೊಡನೆ ಚೌಕಾಸಿ ಮಾಡುವ ನಾವು, ಮಂಟಪದ ಬೆನ್ನಿಗೆ ದೂರದಿಂದ ತರಿಸಿ ಸಂಜೆಗೆ ಗುಡಿಸಿಹಾಕುವ ಜರ್ಬೆರಾಕ್ಕೆ ತುಟಿಪಿಟಕ್ಕೆನ್ನದೆ ಹಣ ತೆರುತ್ತೇವೆ. ಅದನ್ನು ಬೆಳೆದವರೂ ದುಡಿಯುವವರೇ, ನಿಜ. ಆದರೂ ಕಡಿತವು ಆರಂಭವಾಗಬೇಕಾದುದು ಅಲ್ಲಿಂದ, ಮುಡಿಯಿಂದಲ್ಲ.

ಇನ್ನೊಂದು ಪ್ರಶ್ನೆ ಉಳಿಯಿತು. ಸಾಲದ ಹೂವಿಗೆ ಬೆಲೆ ತೆರುವವರು ಯಾರು? ಮಂಟಪವನ್ನು ಕಂಡು ತಲೆದೂಗಿದ ನೆಂಟರಲ್ಲ. ಅನೇಕ ವೇಳೆ ಮದುಮಗಳ ತಂಗಿ. ಅದೂ ತನ್ನ ಓದಿನ ಒಂದು ವರ್ಷವನ್ನು ಕೊಟ್ಟು. ಪಟ್ಟಿ ಬರೆಯುವಾಗ ಅವಳನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ ಮನೆಯನ್ನು ನಾನಿನ್ನೂ ಕಂಡಿಲ್ಲ.