ಒಡೆಯನ ನಿಯತ್ತು

ನಿಯತ್ತು ಎಂದರೆ ನಾಯಿಯದು ಎಂಬ ಮಾತು ನಮ್ಮ ನಾಲಿಗೆಯಲ್ಲಿ ಎಷ್ಟು ಬೇರೂರಿದೆಯೆಂದರೆ, ನಿಯತ್ತು ಎರಡು ಕಡೆಯಿಂದಲೂ ಇರಬೇಕಾದದ್ದು ಎಂಬುದೇ ಮರೆತುಹೋಗಿದೆ. ಅನ್ನ ಹಾಕಿದ ಮನೆಯ ಋಣವನ್ನು ನಾಯಿ ತೀರಿಸುತ್ತದೆ ಎನ್ನುತ್ತೇವೆ. ಮನೆಗೆ ಮರಿಯನ್ನು ತಂದುಕೊಂಡವನ ತಲೆಯ ಮೇಲೆ ಯಾವ ಋಣ ಬಂತು ಎಂದು ಕೇಳುವವರು ಕಡಿಮೆ. ತಾಯಿಯ ಮಗ್ಗುಲಿನಿಂದ ಎತ್ತಿ ತಂದ ಕ್ಷಣದಲ್ಲೇ ಆ ಮರಿಯ ಬದುಕಿನ ಬೇರೆಲ್ಲ ದಾರಿಗಳನ್ನು ನಾವು ಮುಚ್ಚಿರುತ್ತೇವೆ. ಅದು ಬೀದಿಯಲ್ಲಿ ಬದುಕುವುದನ್ನು ಕಲಿಯುವುದಿಲ್ಲ, ತನ್ನ ಕೂಟವನ್ನು ಕಟ್ಟಿಕೊಳ್ಳುವುದಿಲ್ಲ, ಎಲ್ಲಕ್ಕೂ ನಮ್ಮ ಕೈಯನ್ನೇ ನೋಡುತ್ತದೆ. ಹೀಗೆ ನಾವೇ ಪರಾಧೀನ ಮಾಡಿದ ಜೀವ ಕಳೆದುಹೋದರೆ ತನ್ನ ಹೆಸರನ್ನಾಗಲಿ ಮನೆಯ ವಿಳಾಸವನ್ನಾಗಲಿ ಯಾರಿಗೂ ಹೇಳಲಾರದು. ಸಾಕುನಾಯಿಯ ಮೈಯೊಳಗೆ ಮೈಕ್ರೋಚಿಪ್ ಹಾಕಿಸಬೇಕೆ ಎಂಬ ಪ್ರಶ್ನೆಯನ್ನು ಪಶುವೈದ್ಯರ ಸಲಹೆಯ ಮಟ್ಟದಲ್ಲಿ ಬಿಟ್ಟುಬಿಡದೆ ಧರ್ಮದ ಪ್ರಶ್ನೆಯಾಗಿ ಎತ್ತಿಕೊಳ್ಳಬೇಕು ಎನ್ನುವುದು ಇದಕ್ಕೇ.

ಮಹಾಭಾರತ ಈ ವಿಷಯದಲ್ಲಿ ನಿಚ್ಚಳವಾಗಿದೆ. ಆದಿಪರ್ವದಲ್ಲಿ, ಜನಮೇಜಯನ ಸತ್ರ ನಡೆಯುವ ಜಾಗಕ್ಕೆ ಬಂದ ನಾಯಿಮರಿಯನ್ನು ಅವನ ತಮ್ಮಂದಿರು ಹೊಡೆದು ಓಡಿಸುತ್ತಾರೆ. ಮರಿಯ ತಾಯಿ ಸರಮೆ ಬಂದು, ಹವಿಸ್ಸನ್ನು ನೆಕ್ಕದ, ಕಣ್ಣೆತ್ತಿಯೂ ನೋಡದ ನನ್ನ ಮಗನನ್ನು ಏಕೆ ಹೊಡೆದಿರಿ ಎಂದು ಕೇಳುತ್ತಾಳೆ. ಅರಸುಮಕ್ಕಳ ಬಳಿ ಉತ್ತರವಿರುವುದಿಲ್ಲ. ಕೊನೆಯಲ್ಲಿ, ಮಹಾಪ್ರಸ್ಥಾನದ ದಾರಿಯಲ್ಲಿ, ಇಂದ್ರನ ರಥದ ಮುಂದೆ ನಿಂತ ಯುಧಿಷ್ಠಿರ ಜೊತೆಗೆ ಬಂದ ನಾಯಿಯನ್ನು ಬಿಟ್ಟು ಸ್ವರ್ಗಕ್ಕೆ ಬರಲಾರೆ ಎನ್ನುತ್ತಾನೆ. ನಂಬಿದವರನ್ನು ಕೈಬಿಡುವುದು ಮಹಾಪಾಪಗಳಿಗೆ ಸಮ ಎಂಬುದು ಅವನ ವಾದ. ಆ ನಾಯಿ ಯುಧಿಷ್ಠಿರ ಸಾಕಿದ್ದಲ್ಲ, ಹಸ್ತಿನಾವತಿಯಿಂದ ಹಿಂಬಾಲಿಸಿ ಬಂದದ್ದು ಅಷ್ಟೆ. ಹಿಂದೆ ಬಂದಿತು ಎಂಬ ಒಂದೇ ಕಾರಣಕ್ಕೆ ಅಷ್ಟು ಹೊಣೆ ಹುಟ್ಟುವುದಾದರೆ, ಹಣ ಕೊಟ್ಟು, ಹೆಸರಿಟ್ಟು, ಕೊರಳಿಗೆ ಪಟ್ಟಿ ಕಟ್ಟಿದವರ ಹೊಣೆ ಎಷ್ಟಿರಬೇಕು?

ಚಿಪ್ ಎಂದರೆ ಅಕ್ಕಿಕಾಳಿನ ಗಾತ್ರದ ಒಂದು ಗಾಜಿನ ಕೊಳವೆ. ಸೂಜಿಯ ಮೂಲಕ ನಾಯಿಯ ಹೆಗಲುಗಳ ನಡುವೆ ಚರ್ಮದಡಿಗೆ ಅದನ್ನು ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಮಾತ್ರ ಎಚ್ಚೆತ್ತು ಹದಿನೈದು ಅಂಕಿಯ ಒಂದು ಸಂಖ್ಯೆಯನ್ನು ಹೇಳಿ ಮತ್ತೆ ಸುಮ್ಮನಾಗುತ್ತದೆ. ಆ ಸಂಖ್ಯೆಯ ಎದುರು ನೋಂದಣಿಯಲ್ಲಿ ಸಾಕಿದವರ ಹೆಸರು, ಫೋನ್ ನಂಬರ್ ಇರುತ್ತವೆ. ನಾಯಿ ಎಲ್ಲಿದೆ ಎಂದು ಅದು ತೋರಿಸುವುದಿಲ್ಲ, ಹಾಗೆ ತಿಳಿದುಕೊಂಡವರು ತಪ್ಪು ತಿಳಿದಿದ್ದಾರೆ. ದೀಪಾವಳಿಯ ಪಟಾಕಿಗೆ ಬೆದರಿ ಗೇಟು ಹಾರಿ ಓಡಿದ ನಾಯಿಯ ಕೊರಳಪಟ್ಟಿ ಕಳಚಿಬೀಳಬಹುದು, ಯಾರಾದರೂ ಬಿಚ್ಚಿಕೊಳ್ಳಬಹುದು. ಚರ್ಮದಡಿಯ ಸಂಖ್ಯೆ ಹಾಗೆ ಕಳಚುವುದಿಲ್ಲ. ಅಮೆರಿಕದ 53 ಪ್ರಾಣಿ ಆಶ್ರಯಧಾಮಗಳಿಂದ ಮಾಹಿತಿ ಕಲೆಹಾಕಿ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ದಾರಿತಪ್ಪಿ ಬಂದ ನಾಯಿಗಳಲ್ಲಿ ಒಟ್ಟಾರೆ ನೂರಕ್ಕೆ ಸುಮಾರು 22 ಮನೆ ಸೇರಿದ್ದವು. ಚಿಪ್ ಇದ್ದವುಗಳಲ್ಲಿ ನೂರಕ್ಕೆ 52 ಮರಳಿದ್ದವು. ಚಿಪ್ ಹಾಕಿಸುವವರು ಮೊದಲೇ ಹೆಚ್ಚು ಕಾಳಜಿಯವರು, ಹುಡುಕಾಟವನ್ನೂ ಹೆಚ್ಚು ಮಾಡುತ್ತಾರೆ, ಹಾಗಾಗಿ ಈ ಅಂತರದ ಶ್ರೇಯಸ್ಸೆಲ್ಲ ಚಿಪ್ಪಿನದಲ್ಲ ಎನ್ನಬಹುದು. ಆ ಮಾತಿನಲ್ಲಿ ಹುರುಳಿದೆ. ಆದರೂ ಎಷ್ಟೇ ಕಾಳಜಿಯ ಒಡೆಯನಾದರೂ ನಾಯಿ ಸಿಕ್ಕವನ ಕೈಗೆ ಅವನ ಗುರುತು ತಲುಪದಿದ್ದರೆ ಆ ಕಾಳಜಿ ನಾಯಿಯ ಉಪಯೋಗಕ್ಕೆ ಬರುವುದಿಲ್ಲ.

ಕಳೆದುಹೋಗುವ ನಾಯಿಗಿಂತ ಬಿಟ್ಟುಹೋಗುವ ಒಡೆಯನೇ ಇಲ್ಲಿ ದೊಡ್ಡ ವಿಷಯ. ಹಸಿವು ಬಾಯಾರಿಕೆಯಿಂದ ನರಳುವಂಥ ಸ್ಥಿತಿಯಲ್ಲಿ ಕಾರಣವಿಲ್ಲದೆ ಪ್ರಾಣಿಯನ್ನು ತ್ಯಜಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ವಿಧಿಯಡಿ ಅಪರಾಧ. ಮೊದಲ ತಪ್ಪಿಗೆ ಕಾಯ್ದೆ ಬರೆದಿರುವ ದಂಡ ಹತ್ತರಿಂದ ಐವತ್ತು ರೂಪಾಯಿ. ಈ ಮೊತ್ತ ನೋಯಿಸುವಷ್ಟು ಚಿಕ್ಕದು. ಅದನ್ನು ಹೆಚ್ಚಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ. ಊರ ಹೊರಗಿನ ರಸ್ತೆಯಲ್ಲಿ ಕಾರಿನಿಂದ ಇಳಿಸಿ ಬಿಟ್ಟ ನಾಯಿ ಯಾರದು ಎಂದು ತೋರಿಸುವ ಸಾಕ್ಷಿಯೇ ಇಲ್ಲದ ಮೇಲೆ ದಂಡ ಕಟ್ಟುವವರು ಯಾರು? ಬೀದಿನಾಯಿಗಳ ಬಗ್ಗೆ 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶಗಳ ಸುತ್ತ ದೇಶವೆಲ್ಲ ವಾದಿಸಿತು. ಬೀದಿಯ ನಾಯಿಗಳಲ್ಲಿ ಕೆಲವು ಒಂದು ಕಾಲಕ್ಕೆ ಯಾರದೋ ಮನೆಯ ಸೋಫಾದ ಮೇಲೆ ಮಲಗುತ್ತಿದ್ದವು ಎಂಬ ಮಾತು ಆ ಗದ್ದಲದಲ್ಲಿ ಹೆಚ್ಚು ಕೇಳಲಿಲ್ಲ. ಐರೋಪ್ಯ ಒಕ್ಕೂಟದ ದೇಶಗಳಿಗೆ ನಾಯಿಯನ್ನು ಕರೆದೊಯ್ಯಬೇಕಾದರೆ ರೇಬೀಸ್ ಲಸಿಕೆಗೂ ಮೊದಲು ಚಿಪ್ ಇರಬೇಕೆಂಬ ನಿಯಮವಿದೆ, ಅಲ್ಲಿ ಕೆಲಸ ಹಿಡಿದ ನಮ್ಮವರು ಅದನ್ನು ತಪ್ಪದೆ ಪಾಲಿಸುತ್ತಾರೆ. ಜೊತೆಗೆ ಒಯ್ಯುವವನಿಗೆ ಇರುವ ಕಟ್ಟುಪಾಡು ಇಲ್ಲೇ ಬಿಟ್ಟುಹೋಗುವವನಿಗೆ ಇಲ್ಲದಿರುವುದು ಅನ್ಯಾಯ.

ಮಾತು ಬಾರದ ಜೀವದ ಮೈಗೆ, ಅದರ ಒಪ್ಪಿಗೆಯಿಲ್ಲದೆ, ಸೂಜಿ ಚುಚ್ಚುವುದು ಹಿಂಸೆಯಲ್ಲವೆ? ಅಹಿಂಸೆಯನ್ನು ಬದುಕಿನ ವ್ರತವಾಗಿ ಹಿಡಿದವರು ಇದನ್ನು ಕೇಳಿದರೆ ಹಗುರವಾಗಿ ತಳ್ಳಿಹಾಕಬಾರದು. ಚಿಪ್ಪಿನ ಸೂಜಿ ಲಸಿಕೆಯ ಸೂಜಿಗಿಂತ ದಪ್ಪ, ಕ್ಷಣಕಾಲ ನೋಯುತ್ತದೆ. ಪ್ರಯೋಗಾಲಯದ ಕೆಲವು ಇಲಿಗಳಲ್ಲಿ ಚಿಪ್ ಇದ್ದೆಡೆ ಗಡ್ಡೆಗಳು ಕಂಡದ್ದುಂಟು. ನಾಯಿಗಳಲ್ಲಿ ಅಂಥ ವರದಿಗಳು ತೀರ ಅಪರೂಪ. ಮಗುವಿಗೆ ಲಸಿಕೆ ಹಾಕಿಸುವ ತಾಯಿಯೂ ಮಗುವಿನ ಒಪ್ಪಿಗೆ ಪಡೆದಿರುವುದಿಲ್ಲ. ನೋವು ಯಾರ ಹಿತಕ್ಕೆ ಎಂಬುದರ ಮೇಲೆ ಆ ಚುಚ್ಚು ಹಿಂಸೆಯೋ ಆರೈಕೆಯೋ ಎಂಬುದು ನಿಂತಿದೆ. ಸಂತಾನಹರಣ ಚಿಕಿತ್ಸೆಯಾದ ಬೀದಿನಾಯಿಯ ಕಿವಿಯ ತುದಿ ಕತ್ತರಿಸಿ ಗುರುತು ಮಾಡುವುದನ್ನು ಸಮಾಜ ಒಪ್ಪಿಕೊಂಡಿದೆ. ಚಿಪ್ ಅದಕ್ಕಿಂತ ಎಷ್ಟೋ ಮೃದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ದನಕ್ಕೆ ಬರೆ ಹಾಕಿದಂತೆ, ಜೀವವೊಂದನ್ನು ಸಂಖ್ಯೆಗೆ ಇಳಿಸಿ ಇದು ನನ್ನ ಸೊತ್ತು ಎಂದು ಮುದ್ರೆ ಒತ್ತುವುದು ಪ್ರೀತಿಯೇ ಎಂಬುದು ಆ ಪ್ರಶ್ನೆ. ಇಲ್ಲಿ ನೆನಪಾಗುವುದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಸುಮಾರು 950ರ ಹೊತ್ತಿನದು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಮೆಚ್ಚಿ ಏನು ಬೇಕೆಂದು ಕೇಳಿದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಂದಿಗೆ ಕಾದಾಡಿ ಹಂದಿಯನ್ನೂ ಕೊಂದು ತಾನೂ ಸತ್ತ ಕಾಳಿಗಾಗಿ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟಲಿ ಎಂದು ಕೆತ್ತಿಸಿದರು. ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನಲ್ಲಿ ನಾಯಿಯ ಹೆಸರಿನ ಪಕ್ಕದಲ್ಲೇ ಅದಕ್ಕಾಗಿ ಮರುಗಿದವನ ಹೆಸರೂ ಇದೆ. ಕಲ್ಲಿನ ಬರಹ ಕಟ್ಟಿಹಾಕಿದ್ದು ಸತ್ತ ಕಾಳಿಯನ್ನಲ್ಲ, ಬದುಕಿದ್ದ ಮನುಷ್ಯರನ್ನು. ಚಿಪ್ಪಿನ ಬರಹವೂ ಹಾಗೆಯೇ. ನಾಯಿಗೆ ಆ ಸಂಖ್ಯೆಯಿಂದ ಯಾವ ಬಂಧನವೂ ಇಲ್ಲ. ಸಂಖ್ಯೆಯ ಜಾಡು ಹಿಡಿದು ಹೋದರೆ ಸಿಕ್ಕಿಬೀಳುವವನು ಒಡೆಯ. ಧರ್ಮರಾಯನಿಗೆ ಚಿಪ್ ಬೇಕಿರಲಿಲ್ಲ, ಏಕೆಂದರೆ ಅವನು ನಾಯಿಯ ಪಕ್ಕದಲ್ಲೇ ನಿಂತಿದ್ದ. ನಾವು ಪಕ್ಕದಲ್ಲಿಲ್ಲದ ಹೊತ್ತಿಗೆ ನಮ್ಮ ಮಾತಿಗೆ ಸಾಕ್ಷಿ ಬೇಕು.

ಚಿಪ್ ಓದುವ ಯಂತ್ರವಿಲ್ಲದ ಪಶು ಆಸ್ಪತ್ರೆಗಳು ನಮ್ಮಲ್ಲಿ ಬೇಕಾದಷ್ಟಿವೆ ಎಂಬ ದೂರು ನಿಜ. ಚಿಪ್ ಇರುವ ನಾಯಿಗಳು ಹೆಚ್ಚಿದಂತೆ ಯಂತ್ರಕ್ಕಾಗಿ ಕೇಳುವ ದನಿಯೂ ಹೆಚ್ಚುತ್ತದೆ. ನನಗೆ ಹೆಚ್ಚು ಕಳವಳ ತರುವುದು ಅದೇ ಅಮೆರಿಕದ ಅಧ್ಯಯನದ ಇನ್ನೊಂದು ಸಂಗತಿ. ಚಿಪ್ ಇದ್ದೂ ಒಡೆಯರು ಸಿಗದ ಪ್ರಾಣಿಗಳ ವಿಷಯದಲ್ಲಿ ಮುಖ್ಯ ಕಾರಣ, ನೋಂದಣಿಯಲ್ಲಿದ್ದ ಫೋನ್ ನಂಬರ್ ತಪ್ಪಾಗಿದ್ದುದು ಅಥವಾ ಬಳಕೆಯಲ್ಲಿ ಇಲ್ಲದಿದ್ದುದು. 2016ರ ಏಪ್ರಿಲ್‌ನಿಂದ ನಾಯಿಗಳಿಗೆ ಚಿಪ್ ಕಡ್ಡಾಯ ಮಾಡಿದ ಇಂಗ್ಲೆಂಡ್, ವಿವರಗಳನ್ನು ಕಾಲಕಾಲಕ್ಕೆ ಸರಿಪಡಿಸುವುದನ್ನೂ ಒಡೆಯನ ಕರ್ತವ್ಯವೆಂದೇ ಕಾನೂನಿನಲ್ಲಿ ಬರೆದಿದೆ. ಒಮ್ಮೆ ಚುಚ್ಚಿಸಿ ಮರೆತರೆ ಮುಗಿಯಿತು ಎನ್ನುವಂತಿಲ್ಲ. ನಾಯಿ ಬದುಕಿರುವ ಹತ್ತು ಹನ್ನೆರಡು ವರ್ಷವೂ ಆ ಸಂಖ್ಯೆಯ ಎದುರಿನ ಹೆಸರು ಕರೆದರೆ ಓಗೊಡುವಂತಿರಬೇಕು. ಬಾಡಿಗೆ ಮನೆ ಬದಲಾದಾಗ ಬ್ಯಾಂಕಿಗೆ, ಗ್ಯಾಸ್ ಏಜೆನ್ಸಿಗೆ ಹೊಸ ವಿಳಾಸ ಕೊಡುವ ದಿನವೇ ನಾಯಿಯ ನೋಂದಣಿಗೂ ಅದನ್ನು ಸೇರಿಸಬೇಕು, ಸಿಮ್ ಬದಲಿಸಿದರೆ ಹೊಸ ನಂಬರನ್ನೂ.