ಹೊಸ ಚಿತ್ರದ ಕೆಳಗಿನ ಗೀರುಗಳು



ಹಳೆಯ ವಸ್ತುವನ್ನು ಹೊಸದು ಮಾಡುವಾಗ ಏನನ್ನು ಅಳಿಸಬಹುದು?

1980ರ ಪ್ಯಾಕ್-ಮ್ಯಾನ್ ವಿಡಿಯೋ ಗೇಮ್ ಅಮೆರಿಕದಲ್ಲಿ ಆಳೆತ್ತರದ ಹಳದಿ ಪೆಟ್ಟಿಗೆಯಲ್ಲಿ ಬಂತು. ನಾಣ್ಯ ಹಾಕಿ, ನಿಂತು ಆಡಬೇಕು. ಎರಡೂ ಪಕ್ಕದಲ್ಲಿ ಸ್ಟೆನ್ಸಿಲ್ ಇಟ್ಟು ಬಣ್ಣದಲ್ಲಿ ಮೂಡಿಸಿದ ಚಿತ್ರ. ಇಂಥ ಪೆಟ್ಟಿಗೆಗಳನ್ನು ಹವ್ಯಾಸಿಗಳು ಈಗ ಮನೆಯಲ್ಲೇ ದುರಸ್ತಿ ಮಾಡುತ್ತಾರೆ. ಪಕ್ಕವನ್ನು ಉಜ್ಜಿ, ಗುಂಡಿಗಳಿಗೆ ಪುಟ್ಟಿ ತುಂಬಿ, ಸೋಪು ಬೆರೆಸಿದ ನೀರು ಸಿಂಪಡಿಸಿ ಹೊಸ ಚಿತ್ರದ ದೊಡ್ಡ ಸ್ಟಿಕರ್ ಕೂರಿಸುತ್ತಾರೆ. ಒದ್ದೆ ಇರುವಷ್ಟು ಹೊತ್ತು ಅದನ್ನು ಎತ್ತಿ ಸರಿಸಬಹುದು. ಆಮೇಲೆ ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತ ನೀರು ಹೊರಹಾಕಬೇಕು. ಕೆಳಗೆ ಒಂದು ಕಾಳು ಮರಳು ಉಳಿದರೂ ಮೇಲೆ ಗುಳ್ಳೆಯಂತೆ ಕಾಣುತ್ತದೆ.

ಆದರೆ ಉಜ್ಜುವಾಗ ಹೋಗುವುದು ಬಣ್ಣ ಮಾತ್ರವಲ್ಲ. ಯಾರೋ ಹುಡುಗ ಕೀಲಿಕೈಯಿಂದ ಗೀರಿದ ಹೆಸರೂ ಹೋಗುತ್ತದೆ. ಬೆಂಚು ಕೆತ್ತುವ ಮಕ್ಕಳನ್ನು ಗದರುವ ಮೇಷ್ಟ್ರು ನಾನು; ಆದರೂ ಇಲ್ಲಿ ಕೈ ತಡೆಯುತ್ತದೆ. ಅವನು ಅಲ್ಲಿದ್ದ ಎನ್ನುವುದಕ್ಕೆ ಬಹುಶಃ ಅದೊಂದೇ ಗುರುತು.

ಮರ ಕೊಳೆತಿದ್ದರೆ ಬದಲಿಸಲೇಬೇಕು, ಅದರಲ್ಲಿ ತಪ್ಪಿಲ್ಲ. ಹೊಸ ಸ್ಟಿಕರ್ ಅಂಟಿಸಿ, ಕೊಳ್ಳುವವನ ಮುಂದೆ ಸುಮ್ಮನೆ ನಿಂತು, ಅವನು ಅದನ್ನೇ ಮೂಲ ಚಿತ್ರವೆಂದು ನಂಬಲು ಬಿಟ್ಟರೆ? ಬಾಯಿ ತೆರೆಯದಿದ್ದರೂ ಅದು ಸುಳ್ಳೇ. ಇನ್ನು, ಗಟ್ಟಿಯಾಗಿರುವ ಹಳೆಯ ಬಣ್ಣವನ್ನು ಬರೀ ಹೊಳಪಿಗಾಗಿ ಉಜ್ಜುವುದು ನನಗೆ ಒಪ್ಪಿಗೆಯಿಲ್ಲ. ಸ್ಟಿಕರನ್ನು ಎಷ್ಟು ಬೇಕಾದರೂ ಅಚ್ಚು ಹಾಕಿಸಬಹುದು, ಆ ಬಣ್ಣ ಮತ್ತೆ ಬಾರದು.

ನಾನಾಗಿದ್ದರೆ ಹೆಚ್ಚು ಹಾಳಾದ ಪಕ್ಕಕ್ಕೆ ಹೊಸ ಚಿತ್ರ ಹಾಕಿ, ಇನ್ನೊಂದನ್ನು ಗೀರುಗಳ ಸಮೇತ ಹಾಗೇ ಬಿಡುತ್ತಿದ್ದೆ. ನೀವು? ಸಂಜೆ ಗುಂಪಿನಲ್ಲಿ ಬರೆಯಿರಿ.