ಎರಡನೇ ವರ್ಷದ ಲೆಕ್ಕ

2021ರ ಐಪಿಎಲ್‌ಗೆ ಮುಂಚೆ ನಾವು ಆಫೀಸಿನ ಗೆಳೆಯರು ದುಡ್ಡಿಲ್ಲದ ಒಂದು ಫ್ಯಾಂಟಸಿ ಲೀಗ್ ಶುರು ಮಾಡಿದ್ವಿ. ಎಲ್ಲರಿಗೂ ದೇವದತ್ತ ಪಡಿಕ್ಕಲ್ ಬೇಕು. 2020ರಲ್ಲಿ, ಆಡಿದ ಮೊದಲ ಐಪಿಎಲ್‌ನಲ್ಲೇ, ಆರ್‌ಸಿಬಿಗೆ 15 ಪಂದ್ಯಗಳಲ್ಲಿ 473 ರನ್ ಹೊಡೆದು ಉದಯೋನ್ಮುಖ ಆಟಗಾರ ಪ್ರಶಸ್ತಿ ಪಡೆದ ಹುಡುಗ. ನಾನು ಮಾತ್ರ ಎಕ್ಸೆಲ್ ತೆಗೆದು, "ಈ ಸಲ ಸ್ವಲ್ಪ ಇಳೀತಾನ ನೋಡ್ರಿ" ಅಂದೆ.

ಇದು ಜ್ಯೋತಿಷ್ಯ ಅಲ್ಲ. ಮೊದಲ ವರ್ಷ ಮಿಂಚಿದವರನ್ನಷ್ಟೇ ಆರಿಸಿಕೊಂಡರೆ, ಆ ಮಿಂಚಿನಲ್ಲಿ ಆಟದ ಜೊತೆ ಅದೃಷ್ಟವೂ ಸೇರಿರುತ್ತದೆ: ಯಾರೋ ಕೈಬಿಟ್ಟ ಕ್ಯಾಚು, ಅಂಚಿಗೆ ತಾಗಿ ಬೌಂಡರಿಗೆ ಹೋದ ಚೆಂಡು. ಆಟ ಮುಂದಿನ ವರ್ಷಕ್ಕೂ ಉಳಿಯುತ್ತದೆ, ಅದೃಷ್ಟ ಉಳಿಯಲೇಬೇಕೆಂದಿಲ್ಲ. ತುಂಬ ಎತ್ತರದ ತಂದೆ-ತಾಯಿಯ ಮಕ್ಕಳು ಸಾಮಾನ್ಯವಾಗಿ ಸರಾಸರಿಯ ಕಡೆ ಸರಿಯುತ್ತಾರೆ ಎಂದು ಫ್ರಾನ್ಸಿಸ್ ಗಾಲ್ಟನ್ 1886ರಲ್ಲೇ ಬರೆದ. ನಮ್ಮ ಸೇಡಂ ಕಡೆ ರೈತರಿಗೆ ಗಾಲ್ಟನ್ ಬೇಕಿಲ್ಲ. ಒಂದು ವರ್ಷ ತೊಗರಿ ಭರ್ಜರಿ ಬಂದರೆ, ಮರುವರ್ಷವೂ ಅಷ್ಟೇ ಬರ್ತದಂತ ಅಪ್ಪ ಸಾಲ ಮಾಡ್ತಿರಲಿಲ್ಲ. ಕಡಿಮೆ ಬಂದಾಗ ಹೊಲಕ್ಕೆ ಸೊಕ್ಕು ಬಂತಂತ ಬೈತಿರಲೂ ಇಲ್ಲ.

ಪಡಿಕ್ಕಲ್ 2021ರಲ್ಲಿ 14 ಪಂದ್ಯಗಳಲ್ಲಿ 411 ರನ್ ಮಾಡಿದರು. ನನ್ನ ಲೆಕ್ಕ ಸರಿ ಆಯ್ತಂತ ವಾರಗಟ್ಟಲೆ ಬೀಗಿದೆ. ಆದರೆ ಪಂದ್ಯಕ್ಕೆ ಹಂಚಿ ನೋಡಿದರೆ 31.5 ಇದ್ದದ್ದು 29.4 ಆಗಿತ್ತು, ಅಷ್ಟೇ. ಅದರಲ್ಲೇ ರಾಜಸ್ಥಾನದ ಮೇಲೆ ಔಟಾಗದೆ 101 ರನ್. ಸೀಸನ್ ಶುರುವಾಗುವ ಮುಂಚೆ ಅವರಿಗೆ ಕೋವಿಡ್ ಬಂದು ಮೊದಲ ಪಂದ್ಯ ತಪ್ಪಿತ್ತು. ನನ್ನ ಶೀಟಿನಲ್ಲಿ ಜ್ವರಕ್ಕೆ ಕಾಲಮ್ಮೇ ಇರಲಿಲ್ಲ.

ಎರಡು ವರ್ಷದ ಮೇಲೆ ಅಕ್ಕನ ಮಗನ ಸೆಕೆಂಡ್ ಪಿಯು ರಿಸಲ್ಟ್ ಬಂತು. ಫಸ್ಟ್ ಇಯರ್‌ನಲ್ಲಿ ಕಾಲೇಜಿಗೇ ಮೊದಲು ಬಂದಿದ್ದವ, ಈಗ ಫಸ್ಟ್ ಕ್ಲಾಸೂ ಇಲ್ಲ. ಬೆಂಗಳೂರಿನಿಂದ ಫೋನ್ ಹಚ್ಚಿ, "ಸೊಕ್ಕು ಬಂತೇನಲೇ?" ಅಂದೆ. ಅವ ಏನೂ ಮಾತಾಡಲಿಲ್ಲ.

ದಸರಾಕ್ಕೆ ಊರಿಗೆ ಹೋದಾಗ ವಾಡಿ ಸ್ಟೇಷನ್‌ಗೆ ಕರೆಯೋಕೆ ಬಂದ ಭಾವ ದಾರಿಯಲ್ಲಿ ಹೇಳಿದರು. ಆ ವರ್ಷ ಅಕ್ಕನಿಗೆ ಆಪರೇಷನ್ ಆಗಿತ್ತು. ಹುಡುಗ ಸೇಡಂನ ರೂಮ್ ಬಿಟ್ಟು ದಿನಾ ಚಿತ್ತಾಪುರದ ಮನಿಗೆ ಬಂದು, ರೊಟ್ಟಿ ಬಡಿದು, ಮುಂಜಾನಿ ಮತ್ತ ಕಾಲೇಜಿಗೆ ಓಡ್ತಿದ್ದ. "ನಿನಗ ಚಿಂತಿ ಆಗ್ತದಂತ ಅಕಿನೇ ಹೇಳಬ್ಯಾಡಂದಿದ್ಲು."

ನಾನು ಮುಖ ನೋಡದ ಆಟಗಾರನಿಗೆ ಅದೃಷ್ಟ, ಸರಾಸರಿ ಅಂತ ಇಷ್ಟೆಲ್ಲ ರಿಯಾಯಿತಿ ಕೊಟ್ಟೆ. ಸ್ವಂತ ಅಕ್ಕನ ಮಗನಿಗೆ ಒಂದು ಪ್ರಶ್ನೆ ಕೇಳುವಷ್ಟೂ ಕೊಡಲಿಲ್ಲ. ಇಳಿದವರೆಲ್ಲ ನಿರಪರಾಧಿಗಳು ಅಂತ ನಾನು ಹೇಳ್ತಿಲ್ಲ. ಕೆಲವರು ನಿಜವಾಗಿ ಮೈಗಳ್ಳರಾಗಿರ್ತಾರೆ. ಆದರೆ ಅಂಕಿಯಿಂದ ಮುಂದಿನ ವರ್ಷ ಊಹಿಸೋದು ಒಂದು ಕೆಲಸ, ಅದೇ ಅಂಕಿಯಿಂದ ಮನುಷ್ಯನ ಗುಣ ತೀರ್ಮಾನಿಸೋದು ಬೇರೆ ಕೆಲಸ. ಎರಡನೆಯದಕ್ಕೆ ಮುಂಚೆ ಹೋಗಿ ಕೇಳಬೇಕು.

ಆ ರಾತ್ರಿ ಅವನೇ ಊಟಕ್ಕೆ ಬಡಿಸಿದ. ರೊಟ್ಟಿ ತೆಳ್ಳಗೆ, ಅಕ್ಕ ಮಾಡಿದಂಗೇ ಇತ್ತು. "ತಪ್ಪಾಯ್ತಪಾ" ಅಂದೆ. "ಇರ್ಲಿ ಮಾಮಾ, ಇನ್ನೊಂದು ಹಾಕ್ಲೇನು?" ಅಂದ.